ಹಳೆಯ ಟ್ವಿನ್, ಇ20 ಪೆಟ್ರೋಲ್, ಮೂರು ಬಾಟಲಿ ಅಡಿಟಿವ್: ಒಂದು ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುತ್ತಿರುವ ವಾಹನ 1980ರ ದಶಕದ ಆರಂಭದಲ್ಲಿ ತಯಾರಾದ, ಗಾಳಿಯಿಂದಲೇ ತಣಿಯುವ, ಎರಡು ಸಿಲಿಂಡರ್‌ಗಳ ನಾಲ್ಕು ಸ್ಟ್ರೋಕ್ ಮೋಟಾರ್‌ಸೈಕಲ್. ಸಿಲಿಂಡರಿಗೊಂದರಂತೆ ಎರಡು ಸಿವಿ ಕಾರ್ಬ್ಯುರೇಟರ್ (ಗಾಳಿ ಮತ್ತು ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ; ಸಿವಿ ಎಂದರೆ ಒಳಗಿನ ಗಾಳಿಯ ವೇಗವನ್ನು ಹೆಚ್ಚುಕಡಿಮೆ ಸ್ಥಿರವಾಗಿಡುವ ಬಗೆ), 14 ಲೀಟರ್ ಹಿಡಿಯುವ ಉಕ್ಕಿನ ಟ್ಯಾಂಕ್, ಎಂಜಿನ್ನಿನ ನಿರ್ವಾತದಿಂದ ತೆರೆದುಕೊಳ್ಳುವ ಪೆಟ್ರೋಲ್ ಕಾಕ್ ಮತ್ತು 8.5:1ರ ಕಂಪ್ರೆಷನ್ ಅನುಪಾತ, ಇವು ಅದರ ಮುಖ್ಯ ವಿವರಗಳು. ಟ್ಯಾಂಕಿನ ಒಳಮೈಗೆ ಹಿಂದೆಂದೋ ತುಕ್ಕು ತಡೆಯುವ ಲೇಪನ ಹಾಕಿಸಲಾಗಿತ್ತು. ಅದು ಯಾವ ಬಗೆಯ ಲೇಪನವೆಂಬುದು ಮಾಲೀಕರಿಗೆ ತಿಳಿದಿರಲಿಲ್ಲ.

ಎಥನಾಲ್ ಇಲ್ಲದ ಅಥವಾ ಅತ್ಯಲ್ಪ ಎಥನಾಲ್ ಇರುವ ಪೆಟ್ರೋಲ್‌ನಲ್ಲಿ ಈ ವಾಹನ ವರ್ಷಗಟ್ಟಲೆ ತಕರಾರಿಲ್ಲದೆ ಓಡಿತ್ತು. ಶೇ. 20ರಷ್ಟು ಎಥನಾಲ್ ಬೆರೆತ ಇಂಧನ, ಅಂದರೆ ಇ20, ಬಳಕೆಗೆ ಬಂದ ಮೇಲೂ ಕೆಲಕಾಲ ದೊಡ್ಡ ತೊಂದರೆಯೇನೂ ಕಾಣಲಿಲ್ಲ. ಆಕ್ಸಲರೇಟರ್ ಬಿಟ್ಟಾಗ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ತುಸು ಹೆಚ್ಚಾದುದನ್ನು ಮಾಲೀಕರು ಗಮನಿಸಿದ್ದರಾದರೂ ಅದನ್ನು ವಾಹನದ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದರು. ಆಮೇಲೆ ಅದು ಅರ್ಧ ಟ್ಯಾಂಕ್ ಪೆಟ್ರೋಲ್‌ನೊಂದಿಗೆ ಕೆಲವು ತಿಂಗಳು ನಿಂತಲ್ಲೇ ನಿಂತಿತು. ಮತ್ತೆ ಚಾಲೂ ಮಾಡಿದಾಗ ದೂರುಗಳು ಒಂದರ ಹಿಂದೆ ಒಂದು ಬಂದವು: ತಣ್ಣಗಿದ್ದಾಗ ಚೋಕ್ (ಮಿಶ್ರಣದಲ್ಲಿ ಇಂಧನದ ಪಾಲು ಹೆಚ್ಚಿಸುವ ಸಾಧನ) ಎಳೆದಷ್ಟು ಹೊತ್ತು ಮಾತ್ರ ಎಂಜಿನ್ ನಿಲ್ಲದೆ ಓಡುತ್ತಿತ್ತು, ನಿಧಾನಗತಿಯಲ್ಲಿ ಆಕ್ಸಲರೇಟರ್ ಸ್ವಲ್ಪವೇ ತಿರುಗಿಸಿದರೆ ತಡವರಿಸುತ್ತಿತ್ತು, ಬಿಸಿಯಾದಾಗ ಐದು ನಿಮಿಷ ನಿಲ್ಲಿಸಿದರೆ ಮತ್ತೆ ಹತ್ತಿಕೊಳ್ಳಲು ಸತಾಯಿಸುತ್ತಿತ್ತು, ವೇಗದಲ್ಲಿ ಸಾಗುವಾಗ ಇದ್ದಕ್ಕಿದ್ದಂತೆ ಇಂಧನ ಸಾಲದೆ ಸೊರಗುತ್ತಿತ್ತು, ಇವೆಲ್ಲದರ ಮೇಲೆ, ಎಂಜಿನ್ ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ.

ಮಾಲೀಕರ ತೀರ್ಮಾನ ಸರಳವಾಗಿತ್ತು: ಎಲ್ಲಕ್ಕೂ ಎಥನಾಲ್ ಕಾರಣ, ಎಥನಾಲ್‌ಗೆ ಅಡಿಟಿವ್, ಅಂದರೆ ಪೆಟ್ರೋಲ್‌ಗೆ ಬೆರೆಸುವ ದ್ರಾವಣ, ಮದ್ದು. ಅವರು ಒಂದರ ಮೇಲೊಂದರಂತೆ ಮೂರು ಬಗೆಯ ಅಡಿಟಿವ್ ಸುರಿದರು. ಮೊದಲನೆಯದು ನೀರು ತೆಗೆಯುತ್ತದೆಂದು ಹೇಳಿಕೊಳ್ಳುವ ದ್ರಾವಣ, ಎರಡನೆಯದು ಇಂಧನ ವ್ಯವಸ್ಥೆ ಶುಚಿಗೊಳಿಸುವ ಕ್ಲೀನರ್, ಅದೂ ಸೂಚಿಸಿದ ಪ್ರಮಾಣದ ಎರಡರಷ್ಟು, ಮೂರನೆಯದು ಆಕ್ಟೇನ್ ಬೂಸ್ಟರ್, ಅಂದರೆ ಪೆಟ್ರೋಲ್ ಅಕಾಲದಲ್ಲಿ ತಾನಾಗಿ ಸಿಡಿಯದಂತೆ ತಡೆಯುವ ಗುಣವನ್ನು (ಆಕ್ಟೇನ್) ಹೆಚ್ಚಿಸುವ ದ್ರಾವಣ. ಪ್ರತಿ ಬಾಟಲಿಯ ನಂತರವೂ ವಾಹನದ ಸ್ಥಿತಿ ಇದ್ದಂತೆಯೇ ಇತ್ತು ಅಥವಾ ಇನ್ನಷ್ಟು ಕೆಟ್ಟಿತು.

ಪ್ಲಗ್‌ಗಳಿಂದ ಆರಂಭ

ಹಳೆಯ ಕಾರ್ಬ್ಯುರೇಟರ್ ಎಂಜಿನ್‌ನಲ್ಲಿ ಮಿಶ್ರಣದ ಸ್ಥಿತಿ ತಿಳಿಯಲು ಸ್ಪಾರ್ಕ್ ಪ್ಲಗ್‌ನ ಬಣ್ಣ ನೋಡುವುದು ರೂಢಿ. ಇಲ್ಲಿ ಆ ದಾರಿಯೇ ಅರ್ಧ ಮುಚ್ಚಿಹೋಗಿತ್ತು. ಬಲಗಡೆಯ ಪ್ಲಗ್‌ನ ಪಿಂಗಾಣಿಯ ಮೇಲೆ ಇಟ್ಟಿಗೆ ಬಣ್ಣದ ಪದರ ಕಟ್ಟಿಕೊಂಡಿತ್ತು. ಅನೇಕ ಆಕ್ಟೇನ್ ಬೂಸ್ಟರ್‌ಗಳಲ್ಲಿ ಇರುವ ಎಂಎಂಟಿ ಎಂಬ ಮ್ಯಾಂಗನೀಸ್ ಸಂಯುಕ್ತ ಉರಿದಾಗ ಬಿಡುವ ಗುರುತು ಇದೇ. ಈ ಪದರ ಹೆಚ್ಚಾದರೆ ಅದರ ಮೂಲಕವೇ ವಿದ್ಯುತ್ ಸೋರಿ ಪ್ಲಗ್ ಕಿಡಿ ತಪ್ಪಿಸುವುದೂ ಉಂಟು. ರೋಗ ಗುಣಪಡಿಸದ ಮದ್ದು ರೋಗಲಕ್ಷಣವನ್ನೂ ಮರೆಮಾಚಿತ್ತು. ಆದ್ದರಿಂದ ಎರಡೂ ಪ್ಲಗ್ ಬದಲಿಸಿ, ಟ್ಯಾಂಕ್ ಖಾಲಿ ಮಾಡಿ, ಅಡಿಟಿವ್ ಇಲ್ಲದ ಹೊಸ ಪೆಟ್ರೋಲ್ ತುಂಬಿ ವಾಹನವನ್ನು ಸ್ವಲ್ಪ ದೂರ ಓಡಿಸಿ ಮತ್ತೆ ಬಿಚ್ಚಿ ನೋಡಬೇಕಾಯಿತು.

ಈ ಬಾರಿ ಚಿತ್ರ ಸ್ಪಷ್ಟವಾಗಿತ್ತು. ಬಲ ಸಿಲಿಂಡರಿನ ಪ್ಲಗ್ ಸುಣ್ಣದಂತೆ ಬೆಳ್ಳಗೆ, ಎಡ ಸಿಲಿಂಡರಿನದು ಒದ್ದೆಯಾಗಿ, ಮಸಿ ಹಿಡಿದು ಕಪ್ಪಗೆ. ಒಂದು ಲೀನ್, ಅಂದರೆ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ; ಇನ್ನೊಂದು ರಿಚ್, ಅಂದರೆ ಇಂಧನ ಹೆಚ್ಚು. ಎಥನಾಲ್ ಬೆರೆತ ಪೆಟ್ರೋಲ್ ಕಾರ್ಬ್ಯುರೇಟರ್ ಎಂಜಿನ್ನಿನ ಮಿಶ್ರಣವನ್ನು ಲೀನ್ ಕಡೆಗೆ ಒಯ್ಯಬಲ್ಲದೇ ಹೊರತು, ಒಂದೇ ಟ್ಯಾಂಕಿನಿಂದ ಹೊರಟು ಒಂದು ಸಿಲಿಂಡರ್ ಅನ್ನು ಲೀನ್ ಮಾಡಿ ಪಕ್ಕದ್ದನ್ನು ರಿಚ್ ಮಾಡಲಾರದು. ಅಂದರೆ ಇಲ್ಲಿ ಕನಿಷ್ಠ ಎರಡು ದೋಷಗಳಿದ್ದವು, ಮತ್ತು ಅವು ಪರಸ್ಪರ ವಿರುದ್ಧ ದಿಕ್ಕಿನವು. ಒಂದೇ ಕಾರಣ, ಒಂದೇ ಪರಿಹಾರ ಎಂಬ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು.

ಎಡಗಡೆಯ ದೋಷ

ನಿರ್ವಾತದ ಪೆಟ್ರೋಲ್ ಕಾಕ್ ಕೆಲಸ ಮಾಡುವ ಬಗೆ ಗೊತ್ತಿದ್ದವರಿಗೆ ಎಡ ಸಿಲಿಂಡರಿನ ಮಸಿ ತಕ್ಷಣ ಒಂದು ಸುಳಿವು ಕೊಡುತ್ತದೆ. ಇಂತಹ ಕಾಕ್‌ನೊಳಗೆ ತೆಳು ರಬ್ಬರಿನ ಡಯಾಫ್ರಮ್ ಇರುತ್ತದೆ. ಇನ್‌ಟೇಕ್ ಪೈಪ್‌ನಿಂದ ಬರುವ ಸಣ್ಣ ಹೋಸ್ ಅದನ್ನು ಹೀರಿ ಎಳೆದಾಗ ಪೆಟ್ರೋಲ್ ಹರಿಯುತ್ತದೆ, ಎಂಜಿನ್ ನಿಂತಾಗ ಮುಚ್ಚಿಕೊಳ್ಳುತ್ತದೆ. ಈ ವಾಹನದಲ್ಲಿ ಆ ಹೋಸ್ ಜೋಡಣೆಯಾಗಿದ್ದುದು ಎಡ ಸಿಲಿಂಡರಿಗೆ. ಹೋಸ್ ಕಳಚಿದಾಗ ಒಣಗಿರಬೇಕಾದ ಅದರೊಳಗಿನಿಂದ ಪೆಟ್ರೋಲ್ ತೊಟ್ಟಿಕ್ಕಿತು. ಡಯಾಫ್ರಮ್ ಊದಿ, ಅಲೆಅಲೆಯಾಗಿ ಸುಕ್ಕುಗಟ್ಟಿತ್ತು. ಅಂಚಿನಲ್ಲಿ ಸೂಜಿ ತೂರುವಷ್ಟು ಸೀಳು. ಕಾರ್ಬ್ಯುರೇಟರ್ ಅನ್ನು ಬದಿಗಿರಿಸಿ ಟ್ಯಾಂಕಿನಿಂದ ನೇರವಾಗಿ ಪೆಟ್ರೋಲ್ ಎಡ ಸಿಲಿಂಡರ್ ಸೇರುತ್ತಿತ್ತು. ಉರಿಯದೆ ಉಳಿದದ್ದು ಪಿಸ್ಟನ್ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತಿತ್ತು. ಆಯಿಲ್ ಕಿಟಕಿಯಲ್ಲಿ ಮಟ್ಟ ಗರಿಷ್ಠ ಗೆರೆಗಿಂತ ಮೇಲೇರಿದ್ದಕ್ಕೂ, ಆಯಿಲ್ ನೀರಾಗಿ ವಾಸನೆ ಹೊಡೆಯುತ್ತಿದ್ದುದಕ್ಕೂ ಕಾರಣ ಇದೇ. ಐದು ದೂರುಗಳಲ್ಲಿ ಅತ್ಯಂತ ಅಪಾಯಕಾರಿಯಾದುದು ಇದು; ತೆಳುವಾದ ಆಯಿಲ್‌ನಲ್ಲಿ ಇನ್ನಷ್ಟು ದೂರ ಓಡಿಸಿದ್ದರೆ ಬೇರಿಂಗ್‌ಗಳು ಉಳಿಯುತ್ತಿರಲಿಲ್ಲ.

ಇದರಲ್ಲಿ ಎಥನಾಲ್‌ನ ಪಾತ್ರವಿಲ್ಲವೇ? ಇದೆ, ಆದರೆ ಪರೋಕ್ಷವಾಗಿ. ಆ ಕಾಲದ ನೈಟ್ರೈಲ್ ರಬ್ಬರಿನ ಎಷ್ಟೋ ಭಾಗಗಳು ಶುದ್ಧ ಪೆಟ್ರೋಲ್‌ನಲ್ಲಾಗಲಿ ಶುದ್ಧ ಎಥನಾಲ್‌ನಲ್ಲಾಗಲಿ ಊದಿಕೊಳ್ಳುವುದಕ್ಕಿಂತ ಇವೆರಡರ ಮಿಶ್ರಣದಲ್ಲಿ ಹೆಚ್ಚು ಊದಿಕೊಳ್ಳುತ್ತವೆ. ಜೊತೆಗೆ ರಬ್ಬರ್‌ಗೆ ಮೃದುತ್ವ ಕೊಡುವ ಪದಾರ್ಥಗಳನ್ನು ಮಿಶ್ರಣ ಕರಗಿಸಿ ಹೊರತೆಗೆಯುತ್ತದೆ. ವಾಹನ ಓಡುತ್ತಿರುವಷ್ಟು ಕಾಲ ರಬ್ಬರ್ ಊದಿಕೊಂಡೇ ಇರುತ್ತದೆ, ಸೋರಿಕೆ ಕಾಣುವುದಿಲ್ಲ. ತಿಂಗಳುಗಟ್ಟಲೆ ನಿಂತು ಫ್ಲೋಟ್ ಬೌಲ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ಮತ್ತು ಹೋಸ್‌ಗಳು ಒಣಗಿದಾಗ ಅದೇ ರಬ್ಬರ್ ಕುಗ್ಗಿ, ಗಟ್ಟಿಯಾಗಿ, ಬಿರುಕು ಬಿಡುತ್ತದೆ. ಇ20 ಬಳಸತೊಡಗಿದಾಗ ಕಾಣದ ತೊಂದರೆ ನಿಲುಗಡೆಯ ನಂತರ ಒಮ್ಮೆಲೇ ಕಂಡದ್ದು ಹೀಗೆ. ಫ್ಲೋಟ್ ಬೌಲ್‌ನ ಓ-ರಿಂಗ್‌ಗಳು ಮುಟ್ಟಿದರೆ ಮುರಿಯುವಂತಾಗಿದ್ದವು, ಮತ್ತು ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ನೀಡಲ್‌ನ ರಬ್ಬರ್ ತುದಿಯಲ್ಲಿ ಗೀರು ಬಿದ್ದಿತ್ತು. ಸೀಳಿದ ಡಯಾಫ್ರಮ್ ಅನ್ನು ಯಾವ ಬಾಟಲಿಯ ದ್ರಾವಣವೂ ಹೊಲಿಯಲಾರದು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಬಲಗಡೆಯ ದೋಷ

ಬಲ ಸಿಲಿಂಡರ್ ತೋರಿಸಿದ್ದು ನಿಜವಾದ ಎಥನಾಲ್ ಪರಿಣಾಮ. ಶುದ್ಧ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ತೂಕದ ಲೆಕ್ಕದಲ್ಲಿ ಒಂದು ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಎಥನಾಲ್‌ನ ತೂಕದಲ್ಲಿ ಸುಮಾರು ಶೇ. 35ರಷ್ಟು ಆಮ್ಲಜನಕವೇ ಇರುವುದರಿಂದ ಅದಕ್ಕೆ 9 ಪಾಲು ಗಾಳಿ ಸಾಕು. ಇ10ಕ್ಕೆ ಈ ಅನುಪಾತ ಸುಮಾರು 14.1, ಇ20ಕ್ಕೆ ಸುಮಾರು 13.5. ಇಂಧನ ಇಂಜೆಕ್ಷನ್ ಇರುವ ವಾಹನದಲ್ಲಿ ಆಮ್ಲಜನಕ ಸೆನ್ಸರ್ ಈ ವ್ಯತ್ಯಾಸ ಗ್ರಹಿಸಿ ಇಂಧನ ಹೆಚ್ಚಿಸುತ್ತದೆ. ಕಾರ್ಬ್ಯುರೇಟರ್‌ಗೆ ಅಂತಹ ಅರಿವಿಲ್ಲ. ಪೆಟ್ರೋಲ್ ಅಳೆದು ಬಿಡುವ ಜೆಟ್ ಎಂಬ ಸಣ್ಣ ಬಿಡಿಭಾಗದ ತೂತಿನಲ್ಲಿ ಹಿಡಿಸುವಷ್ಟನ್ನು ಮಾತ್ರ ಅದು ಕೊಡುತ್ತದೆ. ಅದರಲ್ಲೂ ಹೊಗೆ ನಿಯಮಗಳು ಬಿಗಿಯಾದ 1970ರ ದಶಕದ ಕೊನೆಯ ನಂತರದ ಅನೇಕ ಮಾದರಿಗಳನ್ನು ಕಾರ್ಖಾನೆಯಲ್ಲೇ ಲೀನ್ ಆಗಿ ಹೊಂದಿಸಿ, ಐಡಲ್ ಮಿಶ್ರಣದ ಸ್ಕ್ರೂ ಮೇಲೆ ಮುಚ್ಚಳ ಒತ್ತಿ ಕಳಿಸುತ್ತಿದ್ದರು. ಈ ವಾಹನದಲ್ಲೂ ಆ ಮುಚ್ಚಳಗಳು ಹಾಗೆಯೇ ಇದ್ದವು. ಮೊದಲೇ ಅಂಚಿನಲ್ಲಿದ್ದ ಮಿಶ್ರಣ ಇ20ರಿಂದ ಅಂಚು ದಾಟಿತ್ತು.

ಊಹೆಯನ್ನು ಖಚಿತಪಡಿಸಿಕೊಳ್ಳಲು ಎರಡು ಪರೀಕ್ಷೆ ಮಾಡಲಾಯಿತು. ಎಂಜಿನ್ ಬಿಸಿಯಾಗಿರುವಾಗ ಚೋಕ್ ಅನ್ನು ತುಸುವೇ ಎಳೆದು ಓಡಿಸಿದಾಗ ತಡವರಿಕೆ ಮಾಯವಾಯಿತು. ಲೀನ್ ಮಿಶ್ರಣಕ್ಕೆ ಇದಕ್ಕಿಂತ ಅಗ್ಗದ ಪುರಾವೆ ಇಲ್ಲ. ಎರಡನೆಯದು ಟ್ಯಾಂಕಿನ ಪೆಟ್ರೋಲ್‌ನಲ್ಲಿ ನಿಜವಾಗಿ ಎಷ್ಟು ಎಥನಾಲ್ ಇದೆ ಎಂಬ ಪರೀಕ್ಷೆ. 100 ಮಿ.ಲೀ. ಅಳತೆಯ ಗಾಜಿನ ಸಿಲಿಂಡರ್‌ಗೆ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ, ಗಾಳಿಯಾಡುವ ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಇಡಬೇಕು. ಎಥನಾಲ್ ಪೆಟ್ರೋಲ್‌ನ ಸಂಗ ಬಿಟ್ಟು ನೀರಿನೊಂದಿಗೆ ಕೆಳಗಿಳಿಯುತ್ತದೆ. ಇಲ್ಲಿ ಕೆಳಪದರ 10ರಿಂದ 27ರ ಆಸುಪಾಸಿಗೆ ಏರಿತು, 90 ಮಿ.ಲೀ. ಇ20ರಲ್ಲಿ ಇರಬೇಕಾದುದು 18 ಮಿ.ಲೀ. ಎಥನಾಲ್, ಬೆರೆಯುವಾಗ ಗಾತ್ರ ತುಸು ಕುಗ್ಗುವುದರಿಂದ ಲೆಕ್ಕ ಸರಿಯಾಗಿಯೇ ಇದೆ.

ಇದೇ ಪರೀಕ್ಷೆಯನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ, ನೀರಿನಿಂದ ಎಥನಾಲ್ ‘ತೊಳೆದು’ ಪೆಟ್ರೋಲ್ ಬಳಸುವವರಿದ್ದಾರೆ. ಅದನ್ನು ಯಾರಿಗೂ ಸಲಹೆ ಮಾಡಲಾಗದು. ಎಥನಾಲ್ ಬೆರೆಸಲೆಂದು ತಯಾರಿಸುವ ಮೂಲ ಪೆಟ್ರೋಲ್‌ನ ಆಕ್ಟೇನ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ; ಎಥನಾಲ್‌ನ ರಿಸರ್ಚ್ ಆಕ್ಟೇನ್ 108ರಷ್ಟಿರುವ ಕಾರಣ ಬೆರೆಸಿದ ಮೇಲೆ ಅದು ಬೇಕಾದ ಮಟ್ಟ ಮುಟ್ಟುತ್ತದೆ. ಎಥನಾಲ್ ತೆಗೆದರೆ ಉಳಿಯುವುದು ಕೆಳದರ್ಜೆಯ ಪೆಟ್ರೋಲ್ ಮತ್ತು ಅದರಲ್ಲಿ ಕರಗಿದ ಒಂದಿಷ್ಟು ನೀರು. ಬಕೆಟ್‌ಗಟ್ಟಲೆ ತೆರೆದ ಪೆಟ್ರೋಲ್ ಎದುರಿಗಿಟ್ಟುಕೊಳ್ಳುವ ಬೆಂಕಿಯ ಅಪಾಯ ಬೇರೆ.

ಟ್ಯಾಂಕ್

ವೇಗದಲ್ಲಿ ಇಂಧನ ಸಾಲದಾಗುತ್ತಿದ್ದುದಕ್ಕೆ ಕಾರಣ ಟ್ಯಾಂಕ್‌ನಲ್ಲಿತ್ತು. ಖಾಲಿ ಮಾಡಿದ ಪೆಟ್ರೋಲ್ ಅನ್ನು ಗಾಜಿನ ಜಾಡಿಯಲ್ಲಿ ರಾತ್ರಿಯಿಡೀ ಇಟ್ಟು ನೋಡಲಾಯಿತು. ಮಾಲೀಕರು ನಿರೀಕ್ಷಿಸಿದ್ದು ಎರಡು ಪದರ: ಮೇಲೆ ಪೆಟ್ರೋಲ್, ಕೆಳಗೆ ನೀರು ಮತ್ತು ಎಥನಾಲ್. ಕಂಡದ್ದು ಒಂದೇ ಪದರ, ಮತ್ತು ತಳದಲ್ಲಿ ಕಂದು ಬಣ್ಣದ ತೆಳು ಚೂರುಗಳು. ಪದರ ಬೇರ್ಪಡುವ ಭಯವನ್ನು ಜನ ಅಗತ್ಯಕ್ಕಿಂತ ಹೆಚ್ಚಾಗಿ ಹೊತ್ತುಕೊಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇ10 ಸುಮಾರು ಶೇ. 0.5ರಷ್ಟು ನೀರನ್ನು ಬೇರ್ಪಡದೆ ಹಿಡಿದಿಟ್ಟುಕೊಳ್ಳುತ್ತದೆ. 14 ಲೀಟರ್ ಟ್ಯಾಂಕಿಗೆ ಅದು 70 ಮಿ.ಲೀ. ಇ20 ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಸಣ್ಣ ಗಾಳಿ ರಂಧ್ರ ಮಾತ್ರ ಇರುವ ಟ್ಯಾಂಕಿಗೆ ಬರೀ ಗಾಳಿಯ ತೇವದಿಂದ ಅಷ್ಟು ನೀರು ಸೇರಲು ಬಹುಕಾಲ ಬೇಕು. ನೀರು ನಿಜವಾಗಿ ಒಳಬರುವುದು ಹೆಚ್ಚಾಗಿ ಹಳಸಿದ ಕ್ಯಾಪ್ ಗ್ಯಾಸ್ಕೆಟ್‌ನ ಮೂಲಕ, ಮಳೆಯಲ್ಲಿ ನಿಂತಾಗ ಅಥವಾ ನೀರಿನ ಪೈಪ್ ಹಿಡಿದು ತೊಳೆದಾಗ. ತಂಪು ಹೆಚ್ಚಿದಷ್ಟೂ ಹಿಡಿದಿಡುವ ಶಕ್ತಿ ಕುಗ್ಗುತ್ತದೆ ಎಂಬುದು ನಿಜ, ಹಾಗಾಗಿ ಚಳಿಯಲ್ಲಿ ನಿಲ್ಲಿಸುವ ವಾಹನಕ್ಕೆ ಅಪಾಯ ತುಸು ಹೆಚ್ಚು. ಈ ಪ್ರಕರಣದಲ್ಲಂತೂ ಅದು ನಡೆದಿರಲಿಲ್ಲ.

ತಳದಲ್ಲಿದ್ದ ಚೂರುಗಳು ಹಳೆಯ ಲೇಪನದವು. ಎಥನಾಲ್ ಸಾಮಾನ್ಯವಾಗದ ಕಾಲದ ಹಲವು ಟ್ಯಾಂಕ್ ಲೇಪನಗಳು ಅದಕ್ಕೆ ತಾಳುವುದಿಲ್ಲ. ಮೆತ್ತಗಾಗಿ, ಗುಳ್ಳೆ ಎದ್ದು, ಹಾಳೆಹಾಳೆಯಾಗಿ ಕಳಚುತ್ತವೆ. ಅವು ಪೆಟ್ರೋಲ್ ಕಾಕ್‌ನ ಒಳಗಿನ ಜಾಲರಿಗೆ ಅಂಟಿಕೊಂಡು ಹರಿವು ತಡೆಯುತ್ತಿದ್ದವು. ಎಂಜಿನ್ ನಿಂತೊಡನೆ ಹೀರುವಿಕೆ ಇಲ್ಲದೆ ಚೂರುಗಳು ಕೆಳಗೆ ಬೀಳುವುದರಿಂದ, ಸ್ವಲ್ಪ ಹೊತ್ತಿನ ನಂತರ ವಾಹನ ಸರಿಯಾದಂತೆ ಕಾಣುತ್ತಿತ್ತು. ದುಪ್ಪಟ್ಟು ಪ್ರಮಾಣದ ಕ್ಲೀನರ್ ಈ ಕಳಚುವಿಕೆಗೆ ಇನ್ನಷ್ಟು ಒತ್ತಾಸೆ ಕೊಟ್ಟಿರುವ ಸಾಧ್ಯತೆ ಹೆಚ್ಚು, ಏಕೆಂದರೆ ಮಾಲೀಕರ ಪ್ರಕಾರ ವೇಗದಲ್ಲಿ ಸೊರಗುವ ದೂರು ಬಿಗಡಾಯಿಸಿದ್ದು ಎರಡನೆಯ ಬಾಟಲಿಯ ನಂತರ.

ಮೂರು ಬಾಟಲಿಗಳು ಮಾಡಿದ್ದೇನು

ನೀರು ತೆಗೆಯುವ ದ್ರಾವಣಗಳಲ್ಲಿ ಬಹುಪಾಲಿನ ಮುಖ್ಯ ಅಂಶ ಐಸೊಪ್ರೊಪೈಲ್ ಆಲ್ಕೊಹಾಲ್. ಎಥನಾಲ್ ಇಲ್ಲದ ಪೆಟ್ರೋಲ್‌ನ ತಳದಲ್ಲಿ ನಿಂತ ನೀರನ್ನು ಇಂಧನದೊಂದಿಗೆ ಬೆರೆಸಿ ಉರಿಸಿಬಿಡುವುದು ಅದರ ಕೆಲಸ. ಇ20ರಲ್ಲಿ ಆ ಕೆಲಸವನ್ನು ಎಥನಾಲ್ ಆಗಲೇ ಮಾಡುತ್ತಿರುತ್ತದೆ. ಆಲ್ಕೊಹಾಲ್ ತುಂಬಿದ ಟ್ಯಾಂಕಿಗೆ ಮತ್ತಷ್ಟು ಆಲ್ಕೊಹಾಲ್ ಸೇರಿಸಿದ್ದರಿಂದ ಆಮ್ಲಜನಕದ ಪಾಲು ಹೆಚ್ಚಿ ಮಿಶ್ರಣ ಇನ್ನೂ ಒಂದು ಕೂದಲೆಳೆ ಲೀನ್ ಆಯಿತೇ ವಿನಾ ಪ್ರಯೋಜನವಾಗಲಿಲ್ಲ.

ಕ್ಲೀನರ್ ವಿಷಯ ಬೇರೆ. ಪಾಲಿಈಥರ್‌ಅಮೀನ್ ಇರುವ ಕ್ಲೀನರ್‌ಗಳು ಇಂಜೆಕ್ಟರ್ ತುದಿಯ ಮತ್ತು ದಹನ ಕೋಣೆಯ ಇಂಗಾಲದ ಪದರವನ್ನು ಕರಗಿಸುವುದರಲ್ಲಿ ನಿಜಕ್ಕೂ ಸಮರ್ಥ. ಆದರೆ ಇಂಧನ ಹರಿಯುವ ಜಾಗದಲ್ಲಿ ಮಾತ್ರ ಅವು ಕೆಲಸ ಮಾಡಬಲ್ಲವು. ಈ ವಾಹನದ ಬಲ ಕಾರ್ಬ್ಯುರೇಟರಿನಲ್ಲಿ ನಿಧಾನಗತಿಗೆ ಇಂಧನ ಕೊಡುವ ಪೈಲಟ್ ಜೆಟ್ ಪೂರ್ತಿ ಕಟ್ಟಿಕೊಂಡಿತ್ತು. ಹರಿವೇ ಇಲ್ಲದ ತೂತಿಗೆ ಕ್ಲೀನರ್ ತಲುಪುವ ದಾರಿ ಯಾವುದು? ಹಿತ್ತಾಳೆಯ ಜೆಟ್‌ಗಳ ಮೇಲಿನ ಹಸಿರು ಕಿಲುಬು ಮತ್ತು ಸತುವಿನ ಮಿಶ್ರಲೋಹದ ಬೌಲ್ ತಳದ ಬಿಳಿ ಪುಡಿಯೂ ಬಿಚ್ಚಿ ತೊಳೆಯದೆ ಹೋಗುವಂಥವಲ್ಲ.

ಆಕ್ಟೇನ್ ಬೂಸ್ಟರ್ ಈ ಮೂರರಲ್ಲಿ ಅತಿ ಅನಗತ್ಯವಾದುದು. 8.5:1 ಕಂಪ್ರೆಷನ್‌ನ ಎಂಜಿನ್ ಸಾಮಾನ್ಯ ಪೆಟ್ರೋಲ್‌ನಲ್ಲೇ ನಾಕಿಂಗ್ (ಇಂಧನ ತಾನಾಗಿ ಸಿಡಿಯುವ ಬಡಿತ) ಇಲ್ಲದೆ ಓಡುತ್ತದೆ. ಹಿಂದೆ ಪೆಟ್ರೋಲ್‌ಗೆ ಬೆರೆಸುತ್ತಿದ್ದ ಸೀಸದ ಬದಲಿಯಾಗಿ ಮಾರುವ ಅಡಿಟಿವ್ ಹಾಕಬೇಕೇ ಎಂದೂ ಮಾಲೀಕರು ಕೇಳಿದ್ದರು. ಜಗತ್ತಿನಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರಾಟ 2021ರಲ್ಲಿ ಕೊನೆಗೊಂಡಿತು, ಆದರೆ ಆ ಚಿಂತೆ ಮೆದು ವಾಲ್ವ್ ಸೀಟ್‌ಗಳ ಇನ್ನೂ ಹಳೆಯ ಎಂಜಿನ್‌ಗಳದ್ದು. ಗಡಸು ಸೀಟ್ ಇರುವ ಈ ಎಂಜಿನ್‌ಗೆ ಅದರ ಅಗತ್ಯವಿಲ್ಲ.

ಅವರು ಬಳಸದೇ ಹೋದ ನಾಲ್ಕನೆಯ ಬಗೆಯೇ ಉಪಯೋಗಕ್ಕೆ ಬರುತ್ತಿತ್ತು: ಇಂಧನ ಸ್ಟೆಬಿಲೈಸರ್. ಅದರಲ್ಲಿರುವ ಆಕ್ಸಿಡೀಕರಣ ತಡೆಯುವ ಮತ್ತು ಲೋಹ ಸವೆಯದಂತೆ ಕಾಯುವ ಅಂಶಗಳು ಪೆಟ್ರೋಲ್ ಹಳಸಿ ಅಂಟಾಗುವುದನ್ನು ನಿಧಾನಗೊಳಿಸುತ್ತವೆ. ಆದರೆ ಅದನ್ನು ಹೊಸ ಪೆಟ್ರೋಲ್‌ಗೆ, ವಾಹನ ನಿಲ್ಲಿಸುವ ಮೊದಲು ಸೇರಿಸಿ, ಕಾರ್ಬ್ಯುರೇಟರಿಗೂ ತಲುಪುವಂತೆ ಎಂಜಿನ್ ಕೆಲವು ನಿಮಿಷ ಓಡಿಸಬೇಕು. ಹಳಸಿದ ಮೇಲೆ ಹಾಕಿದರೆ ಪೆಟ್ರೋಲ್ ಮರಳಿ ಹೊಸತಾಗದು. ಎಥನಾಲ್ ಅನ್ನು ನಿಷ್ಕ್ರಿಯಗೊಳಿಸುತ್ತದೆ ಎಂದು ಲೇಬಲ್ ಮೇಲೆ ಬರೆದುಕೊಂಡ ಯಾವ ದ್ರಾವಣವೂ ಟ್ಯಾಂಕಿನಲ್ಲಿರುವ ಎರಡು ಮೂರು ಲೀಟರ್ ಎಥನಾಲ್ ಅನ್ನು ಬೇರೊಂದು ವಸ್ತುವಾಗಿಸುವುದಿಲ್ಲ. ಮಿಶ್ರಣದ ಅನುಪಾತವೂ ಬದಲಾಗುವುದಿಲ್ಲ, ರಬ್ಬರ್ ಊದುವುದೂ ನಿಲ್ಲುವುದಿಲ್ಲ.

ದುರಸ್ತಿ

ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಕೆಲಸ ಆರಂಭವಾಯಿತು. ಪೆಟ್ರೋಲ್ ಕಾಕ್‌ಗೆ ಹೊಸ ಡಯಾಫ್ರಮ್ ಕಿಟ್, ಕಾರ್ಬ್ಯುರೇಟರ್‌ಗಳಿಗೆ ವೈಟನ್, ಅಂದರೆ ಫ್ಲೋರೊ ರಬ್ಬರಿನ, ಓ-ರಿಂಗ್ ಮತ್ತು ನೀಡಲ್ ತುದಿಗಳು, ಟ್ಯಾಂಕ್ ಕ್ಯಾಪ್‌ಗೆ ಹೊಸ ಗ್ಯಾಸ್ಕೆಟ್ ಬಂದವು. ಹೋಸ್‌ಗಳಿಗೆ ಎಸ್‌ಎಇ ಜೆ30ಆರ್9 ದರ್ಜೆಯದನ್ನು ಆರಿಸಲಾಯಿತು. ಅದರ ಒಳಪದರ ಫ್ಲೋರೊ ರಬ್ಬರ್ ಆಗಿರುವುದರಿಂದ ಎಥನಾಲ್‌ಗೆ ತಾಳುತ್ತದೆ. ಹಳೆಯ ಕಾರ್ಬ್ಯುರೇಟರ್ ವಾಹನಗಳಿಗೆ ಸಾಮಾನ್ಯವಾಗಿ ಸಿಗುವ ಆರ್7 ದರ್ಜೆಯ ಹೋಸ್ ಅಷ್ಟು ಬಾಳುವುದಿಲ್ಲ.

ಟ್ಯಾಂಕಿನ ಲೇಪನವನ್ನು ದ್ರಾವಕದಿಂದ ಪೂರ್ತಿ ತೆಗೆದು, ಒಳಗಿನ ತುಕ್ಕನ್ನು ಫಾಸ್ಫಾರಿಕ್ ಆಮ್ಲದಿಂದ ಕಳೆದು, ತೊಳೆದು, ಒಡನೆ ಒಣಗಿಸಲಾಯಿತು. ಮತ್ತೆ ಲೇಪನ ಹಾಕಬೇಕೇ ಎಂಬ ಪ್ರಶ್ನೆ ಎದುರಾಯಿತು. ತೂತು ಬೀಳದ, ಗಟ್ಟಿಯಾಗಿರುವ ಉಕ್ಕಿನ ಟ್ಯಾಂಕಿಗೆ ಲೇಪನ ಬೇಡವೆಂಬುದೇ ಸರಿಯಾದ ನಿರ್ಧಾರ ಎಂದು ನನಗನ್ನಿಸುತ್ತದೆ, ಏಕೆಂದರೆ ಈ ವಾಹನಕ್ಕೆ ತುಕ್ಕಿಗಿಂತ ಹೆಚ್ಚು ಕಾಟ ಕೊಟ್ಟದ್ದು ತುಕ್ಕು ತಡೆಯಲೆಂದು ಹಾಕಿದ ಲೇಪನವೇ. ಒಳಮೈಗೆ ಎರಡು ಸ್ಟ್ರೋಕ್ ಆಯಿಲ್ ಸವರಿ ಬಿಡಲಾಯಿತು. ಸೋರುವ ಟ್ಯಾಂಕ್ ಆಗಿದ್ದರೆ ಎಥನಾಲ್‌ಗೆ ತಾಳುವ ಎಪಾಕ್ಸಿ ಲೇಪನ ಅನಿವಾರ್ಯವಾಗುತ್ತಿತ್ತು.

ಜೆಟ್‌ಗಳ ಲೆಕ್ಕ ಹೀಗಿದೆ. 14.7ರಿಂದ 13.5ಕ್ಕೆ ಇಳಿದರೆ ತೂಕದಲ್ಲಿ ಸುಮಾರು ಶೇ. 9ರಷ್ಟು, ಎಥನಾಲ್ ತುಸು ಭಾರವಾದ್ದರಿಂದ ಗಾತ್ರದಲ್ಲಿ ಸುಮಾರು ಶೇ. 8ರಷ್ಟು ಹೆಚ್ಚು ಇಂಧನ ಬೇಕು. ಜೆಟ್‌ನ ಅಂಕಿ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಸೂಚಿಸುವಾಗ, ಹರಿವು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಶೇ. 4ರಷ್ಟು ದೊಡ್ಡ ಅಂಕಿ ಸಾಕು. ಹೀಗೆ 110ರ ಮೇನ್ ಜೆಟ್ ಬದಲು 115, 40ರ ಪೈಲಟ್ ಬದಲು 42 ಹಾಕಲಾಯಿತು. ಕೆಲವು ಜೆಟ್‌ಗಳ ಅಂಕಿ ವ್ಯಾಸವನ್ನಲ್ಲ, ಹರಿವನ್ನೇ ಸೂಚಿಸುತ್ತದೆ. ಅಲ್ಲಿ ಈ ಲೆಕ್ಕ ನಡೆಯದು. ಸಿವಿ ಕಾರ್ಬ್ಯುರೇಟರಿನಲ್ಲಿ ಮೇಲೇರಿದಂತೆ ಹೆಚ್ಚು ಇಂಧನ ಬಿಡುವ ನೀಡಲ್‌ಗೆ (ಫ್ಲೋಟ್ ನೀಡಲ್ ಅಲ್ಲ) ಏರಿಸುವ ಗೀರುಗಳಿರಲಿಲ್ಲವಾದ್ದರಿಂದ ಅರ್ಧ ಮಿ.ಮೀ. ದಪ್ಪದ ವಾಷರ್ ಇಟ್ಟು ಎತ್ತರಿಸಲಾಯಿತು. ಮಿಶ್ರಣದ ಸ್ಕ್ರೂಗಳ ಮುಚ್ಚಳ ತೆಗೆದು, ಒಂದೂವರೆ ಸುತ್ತಿನಲ್ಲಿದ್ದವನ್ನು ಎರಡು ಸುತ್ತಿಗೆ ತರಲಾಯಿತು. ಕೊನೆಯಲ್ಲಿ ಎರಡೂ ಕಾರ್ಬ್ಯುರೇಟರ್‌ಗಳ ನಿರ್ವಾತ ಸಮಗೊಳಿಸಲಾಯಿತು. ಇ10 ಆಗಿದ್ದರೆ ಇದರ ಅರ್ಧದಷ್ಟೇ ವ್ಯತ್ಯಾಸ. ಬಹಳಷ್ಟು ವಾಹನಗಳಲ್ಲಿ ಮಿಶ್ರಣದ ಸ್ಕ್ರೂ ತಿರುಗಿಸಿದರೇ ಸಾಕಾಗುತ್ತದೆ.

ಫಲಿತಾಂಶ

ತಡವರಿಕೆ ಹೋಯಿತು, ಚೋಕ್ ಬೇಗ ಬಿಡಬಹುದಾಯಿತು, ಸೈಲೆನ್ಸರಿನ ಪಟಪಟ ಬಹುಮಟ್ಟಿಗೆ ನಿಂತಿತು, ಎರಡೂ ಪ್ಲಗ್‌ಗಳು ತಿಳಿ ಕಂದು ಬಣ್ಣಕ್ಕೆ ಬಂದವು, ಆಯಿಲ್ ಮಟ್ಟ ಏರುವುದು ನಿಂತಿತು. ಮೈಲೇಜ್ ಹಳೆಯ ದಿನಗಳಷ್ಟು ಬರಲಿಲ್ಲ, ಬರುವಂತೆಯೂ ಇಲ್ಲ: ಲೀಟರ್ ಲೆಕ್ಕದಲ್ಲಿ ಎಥನಾಲ್‌ನ ಶಕ್ತಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ, ಹಾಗಾಗಿ ಇ20ರಲ್ಲಿ ಶೇ. 6ರಿಂದ 7ರಷ್ಟು ಕೊರತೆ ಇದ್ದೇ ಇರುತ್ತದೆ.

ಬಿಸಿಯಲ್ಲಿ ಹತ್ತಿಕೊಳ್ಳಲು ಸತಾಯಿಸುವುದು ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಎಥನಾಲ್ ಬೆರೆತಾಗ ಪೆಟ್ರೋಲ್‌ನ ಆವಿಯ ಒತ್ತಡ ಏರುತ್ತದೆ, ಶೇ. 10ರ ಆಸುಪಾಸಿನಲ್ಲಿ ಸುಮಾರು 7 ಕಿಲೊಪಾಸ್ಕಲ್‌ನಷ್ಟು ಏರಿ, ಎಥನಾಲ್ ಮತ್ತೂ ಹೆಚ್ಚಿದಂತೆ ನಿಧಾನವಾಗಿ ಇಳಿಯುತ್ತದೆ. ಗಾಳಿಯಿಂದ ತಣಿಯುವ ಎಂಜಿನ್ ನಿಂತೊಡನೆ ಅದರ ಶಾಖವೆಲ್ಲ ಮೇಲೇರಿ ಫ್ಲೋಟ್ ಬೌಲ್ ಮುಟ್ಟುವುದರಿಂದ ಒಳಗಿನ ಇಂಧನ ಕುದಿಯುತ್ತದೆ. ಹೋಸ್ ಅನ್ನು ಸಿಲಿಂಡರ್ ಹೆಡ್‌ನಿಂದ ದೂರ ಸರಿಸಿದ್ದು ಸ್ವಲ್ಪ ನೆರವಾಯಿತು. ಕಾರ್ಬ್ಯುರೇಟರ್ ಮತ್ತು ಹೆಡ್ ನಡುವೆ ಶಾಖ ತಡೆಯುವ ದಪ್ಪ ಸ್ಪೇಸರ್ ಹಾಕುವ ಯೋಚನೆಯನ್ನು ಜಾಗದ ಅಭಾವದಿಂದ ಕೈಬಿಡಲಾಯಿತು. ಬಿಸಿಯಿದ್ದಾಗ ಆಕ್ಸಲರೇಟರ್ ಕಾಲುಭಾಗ ತೆರೆದು ಸ್ಟಾರ್ಟ್ ಮಾಡುವ ಅಭ್ಯಾಸವನ್ನು ಮಾಲೀಕರು ರೂಢಿಸಿಕೊಂಡಿದ್ದಾರೆ.

ಈಗಿನ ಜೆಟ್‌ಗಳು ಇ20ಗೆ ಹೊಂದಿಸಿದವು. ಎಥನಾಲ್ ಇಲ್ಲದ ಪೆಟ್ರೋಲ್ ಸಿಕ್ಕಿತೆಂದು ತುಂಬಿಸಿದರೆ ಇದೇ ಎಂಜಿನ್ ಶೇ. 8ರಷ್ಟು ರಿಚ್ ಆಗಿ, ಪ್ಲಗ್ ಮಸಿ ಹಿಡಿಯುತ್ತದೆ. ಆದ್ದರಿಂದ ಹಳೆಯ 110 ಮತ್ತು 40ರ ಜೆಟ್‌ಗಳನ್ನು, ಮಿಶ್ರಣದ ಸ್ಕ್ರೂಗಳ ಮೂಲ ಸುತ್ತಿನ ಲೆಕ್ಕ ಬರೆದ ಚೀಟಿಯ ಜೊತೆ, ವಾಹನದ ಟೂಲ್ ಬಾಕ್ಸ್‌ನಲ್ಲಿ ಇಡಲಾಗಿದೆ.